ಉಸಿರು ಕಾಣುವ ಅಡುಗೆಮನೆ

ಖಾಜಾಸಾಬ್ ಚಾಚಾ ಯಾರ ಮನೆಗೆ ಹೋದರೂ ಮೊದಲು ಗೋಡೆಗೆ ಸಲಾಮು ಹೇಳುತ್ತಿದ್ದರು, ಆಮೇಲೆ ಮನೆಯವರಿಗೆ. ಗಂಗಾವತಿಯಲ್ಲಿ ವೈರಿಂಗ್ ಮಾಡುವವರಿಗೆ ಬರವಿಲ್ಲ. ಆದರೆ ಗೋಡೆಗೆ ಸೆನ್ಸರ್ ಕೂಡಿಸುವ ಹುಚ್ಚು ಇವರೊಬ್ಬರಿಗೇ. ನಮ್ಮ ಪಡಸಾಲೆಯ ಗೋಡೆಯ ಮೇಲೆ ಹೊಳೆಯ ಚಿತ್ರ ಬೀಳುವಂತೆ ಮಾಡಿದರು. ಅವ್ವ ಅಡುಗೆಮನೆಯಲ್ಲಿ ಓಡಾಡಿದರೆ ಅಲ್ಲಿ ದೀಪ ಹತ್ತುತ್ತಿತ್ತು, ಇಲ್ಲಿ ಹೊಳೆಯಲ್ಲಿ ಅಲೆ ಏಳುತ್ತಿತ್ತು. ಅವ್ವನಿಗೆ ಅದೊಂದು ಆಟ. ನನಗೆ ಮಾತ್ರ ಮೊದಲಿನಿಂದಲೂ ಅಂಜಿಕೆ: ಈ ಮನೆ ಯಾವತ್ತಾದರೂ ತಪ್ಪು ತಿಳಿದರೆ? ಕೇಳಿದರೆ ಚಾಚಾ, ಸಾಲಿ ಕಲಿಸುವ ಅಂಜುಬುರುಕಿ ಎಂದು ಕಾಡುತ್ತಿದ್ದರು.

ಒಂದು ಮಧ್ಯಾಹ್ನ ಶಾಲೆಯಿಂದ ಬಂದೆ. ಹೊಳೆ ಅಲುಗದೆ ನಿಂತಿತ್ತು. ಕಿಟಕಿಯಿಲ್ಲದ ಅಡುಗೆಮನೆ ಕತ್ತಲಾಗಿತ್ತು. ಅವ್ವ ಪಕ್ಕದ ಮನೆಗೆ ಹೋಗಿರಬೇಕೆಂದು ತಿರುಗಿ ಹೊರಟವಳಿಗೆ ರೊಟ್ಟಿ ಸೀದ ವಾಸನೆ ಬಂತು. ಒಳಗೆ ಓಡಿದೆ, ದೀಪ ಹತ್ತಿತು. ಅವ್ವ ನೆಲಕ್ಕೆ ಬಿದ್ದಿದ್ದಳು. ಲಕ್ವಾ ಹೊಡೆದಿತ್ತು, ಕೈಕಾಲು ಆಡುತ್ತಿರಲಿಲ್ಲ, ಕಣ್ಣುಗಳು ಮಾತ್ರ ತೆರೆದಿದ್ದವು. ಎಷ್ಟು ಹೊತ್ತಿನಿಂದ ಆ ಕತ್ತಲಲ್ಲಿದ್ದಳೋ.

ಅವ್ವ ಉಳಿದಳು. ಚಾಚಾನನ್ನು ಬಾಯಿಗೆ ಬಂದಂತೆ ಬೈದೆ. ಅವರು ಗೋಡೆಯ ಸೆನ್ಸರ್ ಬಿಚ್ಚುತ್ತ ಹೇಳಿದರು:

"ಹೆಣ್ಮಕ್ಕಳು ಅಡಗಿಮನ್ಯಾಗ ಸುಮ್ಮ ಇದ್ದದ್ದನ್ನ ನಾ ಎಂದೂ ನೋಡಿಲ್ಲ ಮಗಳ. ಅದಕ್ಕ ಕೈ ಆಡೂದನ್ನಷ್ಟ ಕಾಣೂ ಸೆನ್ಸರ್ ಹಾಕಿದ್ದೆ. ತಪ್ಪು ನಂದೈತಿ."

ಎದೆಯ ಏರಿಳಿತವನ್ನೇ ಗುರುತಿಸುವ ಸೆನ್ಸರ್ ತಂದು ಹಾಕಿದರು. ಒಳಗೆ ಯಾರೇ ಉಸಿರಾಡುತ್ತಿದ್ದರೂ ದೀಪ ಆರದು ಎಂದರು. ಆದರೂ ಅವರಿಗೇ ನಂಬಿಕೆಯಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಬಂದು, ಅವ್ವ ಬಿದ್ದಿದ್ದ ಜಾಗದಲ್ಲೇ ಅಂಗಾತ ಮಲಗಿ, ಮಿಸುಕಾಡದೆ ಮೇಲೆ ನೋಡುತ್ತಿದ್ದರು. ಕಡೆಗೆ ಒಮ್ಮೆ ಉಸಿರು ಬಿಗಿಹಿಡಿಯುವರು. ದೀಪ ಆರಿದರೆ ಸಮಾಧಾನ, ಎದ್ದು ಚಹಾ ಕೇಳುವರು. ನಾನೂ ಅಂಜಿಕೆ ಮರೆತು ನಗುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಬಂದಾಗ ತೀರ ಸೊರಗಿದ್ದರು. ನಾಲ್ಕು ಹೆಜ್ಜೆಗೊಮ್ಮೆ ಕೆಮ್ಮು. ಅವ್ವ ಅಡುಗೆಮನೆಯ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಳು, ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಒಳಗೆ ಚಾಚಾನ ಉಸಿರೊಂದೇ ಇರಲೆಂದು ಅವಳನ್ನು ಪಡಸಾಲೆಗೆ ಕರೆದೊಯ್ದು ಕೂರಿಸಿದೆ. ಚಾಚಾ ಎಂದಿನಂತೆ ನೆಲಕ್ಕೆ ಮಲಗಿದರು. ಅದಾಗಿ ಹದಿನೈದು ದಿನಕ್ಕೆ ಅವರನ್ನು ಮಣ್ಣು ಮಾಡಿದರಂತೆ.

ಆ ದಿನ ನಾನು ಬಾಗಿಲಾಚೆ ಬಂದು ನಿಲ್ಲುವಷ್ಟರಲ್ಲಿ ದೀಪ ಆರಿಹೋಯಿತು. ಉಸಿರು ಬಿಡ್ರಿ ಚಾಚಾ, ಸಾಕು ಎಂದೆ.

"ಹಿಡಿದಿಲ್ಲ ಮಗಳ," ಎಂದಿತು ಕತ್ತಲೊಳಗಿನ ದನಿ. "ಉಸಿರಾಡಾಕತ್ತೀನಿ."