ಎಲಿವೇಶನ್ ಹಿಂದಿನ ಮುಖ

ಕೊರೊನಾ ಮುಗಿದ ಮರುವರ್ಷ ನಾನು ಚಾಮರಾಜನಗರದಲ್ಲಿದ್ದೆ. ಸರ್ಕಾರಿ ಎಂಜಿನಿಯರ್ ಕೆಲಸದಿಂದ ನಿವೃತ್ತಳಾಗಿ, ಹಳೆಯ ಕಟ್ಟಡಗಳ ಗಟ್ಟಿತನ ಪರೀಕ್ಷಿಸಿ ವರದಿ ಕೊಡುವುದನ್ನು ಸ್ವಂತಕ್ಕೆ ಶುರುಮಾಡಿದ್ದೆ. ಮನೆಯಲ್ಲಿ ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ.

ಆಗ ಗುಂಡ್ಲುಪೇಟೆಯ ಹೆದ್ದಾರಿಯುದ್ದಕ್ಕೂ ಒಂದು ಹುಚ್ಚು ಹಬ್ಬಿತ್ತು. ಮಣ್ಣುಗೋಡೆಯ ಹೆಂಚಿನ ಮನೆಗಳ ಮುಂದೆ ಕಬ್ಬಿಣದ ಫ್ರೇಮ್ ನಿಲ್ಲಿಸಿ, ಹೊಳೆಯುವ ಅಲ್ಯೂಮಿನಿಯಂ ಪ್ಯಾನೆಲ್ ಹೊಡೆಸುವುದು. ಊರಿನವರ ಬಾಯಲ್ಲಿ ಅದು ‘ಎಲಿವೇಶನ್’. ನಮ್ಮ ಪಠ್ಯದಲ್ಲಿ ‘ಫಸಾಡ್’. ಲ್ಯಾಟಿನ್ನಿನಲ್ಲಿ ಮುಖ ಎಂಬರ್ಥದ ಪದದಿಂದ ಹೊರಟು, ಇಟಲಿ, ಫ್ರಾನ್ಸ್ ಸುತ್ತಿಕೊಂಡು ಇಂಗ್ಲಿಷಿಗೆ ಬಂದದ್ದು. ಮೊದಲು ಕಟ್ಟಡದ ಹೊರಮುಖಕ್ಕಷ್ಟೇ ಹೇಳುತ್ತಿದ್ದರು. ಆಮೇಲೆ, ಒಳಗಿನದನ್ನು ಮುಚ್ಚಿಡಲು ಮನುಷ್ಯರು ಹಾಕಿಕೊಳ್ಳುವ ತೋರಿಕೆಗೂ ಅದೇ ಹೆಸರಾಯಿತು. ಡಿಪ್ಲೊಮಾ ಓದುವಾಗ ಇದನ್ನೆಲ್ಲ ಪರೀಕ್ಷೆಗೆಂದು ಉರು ಹೊಡೆದಿದ್ದೆ.

ಪ್ಯಾನೆಲ್ ಸದ್ದು ಮಾಡುತ್ತದಂತೆ, ಬಂದು ನೋಡಿ ಎಂದು ಫೋನ್ ಮಾಡಿದವನು ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುವ ಹುಡುಗ. ಅವನ ತಾಯಿ ಪುಟ್ಟಮ್ಮನವರದು ಗುಂಡ್ಲುಪೇಟೆಯಲ್ಲಿ ಪಾತ್ರೆ ಅಂಗಡಿ. ಕೆಳಗೆ ಅಂಗಡಿ, ಮೇಲೆ ವಾಸ. ಅವನ ಹೆಂಡತಿ ಸುಧಾ ಸಂತೆಮರಹಳ್ಳಿಯವಳು, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮೇಲೆ, ರಸ್ತೆ ಕಡೆಯ ಕೋಣೆ ಗಂಡಹೆಂಡಿರದು. ಅಲ್ಲಿದ್ದ ಕಿಟಕಿ ಈಗ ಪ್ಯಾನೆಲ್ಲಿನ ಹಿಂದೆ ಸೇರಿಹೋಗಿತ್ತು. ಹಗಲಲ್ಲಿ ತೆರೆದರೂ ಆಚೆ ಬರೀ ಕತ್ತಲು. ಆ ಕತ್ತಲೊಳಗಿಂದ ಯಾರೋ ತಟ್ಟುತ್ತಾರೆ ಎಂದು ಸುಧಾ ಹೇಳುತ್ತಿದ್ದಳು.

“ಗಾಳಿ ಮೆಟ್ಕೊಂಡದೆ ಕಣವ್ವ ಇವ್ಳ್ಗೆ. ನಮ್ಗ್ಯಾರ್ಗೂ ಕೇಳಲ್ಲ. ತವರ್ಗೆ ಕಳಿಸ್ಬುಡ್ತೀನಿ,” ಎಂದರು ಪುಟ್ಟಮ್ಮ, ಅವಳ ಎದುರಿಗೇ. ನನಗೆ ಮೈ ಉರಿಯಿತು.

ಯಾವಾಗ ಕೇಳುತ್ತದಮ್ಮ ಎಂದು ಸುಧಾಳನ್ನೇ ಕೇಳಿದೆ.

“ದೊಡ್ಡ ಲಾರಿ ಓದಾಗ ಮೇಡಂ. ಮಳೆ ಬಂದ ದಿನ ಇನ್ನೂ ಜೋರು. ಮೊದ್ಲು ದೂರದಲ್ಲಿ ಕೇಳ್ತಿತ್ತು, ಈಗ ಅತ್ರ.”

ಪ್ಯಾನೆಲ್ ಬಿಸಿಲಿಗೆ ಹಿಗ್ಗಿ ಟಕ್ ಎನ್ನುವುದುಂಟು. ಆದರೆ ಮಳೆಗೆ, ಲಾರಿಗೆ ಹಾಗಾಗುವುದಿಲ್ಲ, ಹತ್ತಿರವಂತೂ ಬರುವುದಿಲ್ಲ. ಕಿಟಕಿಯ ಪಕ್ಕದಲ್ಲಿ ಒಂದು ಬಿರುಕು ಕಂಡಿತು. ಅದರ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಪ್ಲಾಸ್ಟರಿನಿಂದ ಕೂರಿಸಿದೆ. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಇದಕ್ಕೆ ನಮ್ಮಲ್ಲಿ ಟೆಲ್‌ಟೇಲ್ ಎನ್ನುತ್ತಾರೆ, ಚಾಡಿಕೋರ ಅಂದ ಹಾಗೆ. ಕೋಣೆ ಖಾಲಿ ಮಾಡಿ, ಪ್ಯಾನೆಲ್ ಬಿಚ್ಚಿಸಿ ಎಂದು ಹೇಳಿದೆ.

“ಗೌರಿ ಅಬ್ಬದ ಯಾಪಾರ ಮುಗೀಲಿ, ಆಮೇಲ್ ಬಿಚ್ಚುಸನ,” ಎಂದು ಪುಟ್ಟಮ್ಮ ನನ್ನ ಬಾಯಿ ಮುಚ್ಚಿಸಿದರು.

ವಾರ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಹೋದರೆ ಸುಧಾ ಇರಲಿಲ್ಲ. ಆ ಕೋಣೆಯ ಮಂಚದ ಮೇಲೆ ಪುಟ್ಟಮ್ಮನೇ ಕಾಲು ಚಾಚಿಕೊಂಡಿದ್ದರು.

“ಅವ್ಳು ಓದೇಟ್ಗೆ ಸದ್ದೂ ನಿಂತೋಯ್ತು ಕಣವ್ವ. ಲಾರಿ ಓದ್ರೂವೆ ಪಿಟಕ್ ಅನ್ನಲ್ಲ. ನಾನ್ ಯೋಳ್ನಿಲ್ವಾ?”

ಅದೇ ಹೊತ್ತಿಗೆ ಮರದ ಲಾರಿಯೊಂದು ಹಾದುಹೋಯಿತು. ಕೆಳಗಿನ ಪಾತ್ರೆಗಳೆಲ್ಲ ಝಲ್ಲೆಂದವು. ಕಿಟಕಿ ಮಾತ್ರ ಉಸಿರು ಬಿಗಿಹಿಡಿದಂತೆ ಸುಮ್ಮನಿತ್ತು. ಬಿರುಕಿನ ಮುಂದೆ ಯಾರೋ ಸೀರೆ ಒಣಹಾಕಿದ್ದರು. ಸರಿಸಿ ನೋಡಿದೆ. ಗಾಜು ಎರಡು ಹೋಳಾಗಿತ್ತು. ಗೋಡೆ ಕದಲಿದೆ, ಆದರೂ ಸದ್ದಿಲ್ಲ. ಪುಟ್ಟಮ್ಮನವರ ರಟ್ಟೆ ಹಿಡಿದು, ಬೈಸಿಕೊಳ್ಳುತ್ತಲೇ ಕೆಳಗಿಳಿಸಿದೆ.

ಪ್ಯಾನೆಲ್ ಕೂರಿಸಿದ್ದ ಫ್ಯಾಬ್ರಿಕೇಟರ್ ರಿಯಾಜ್ ಕರೆದ ಕೂಡಲೇ ಬಂದ. ಏಣಿ ಹತ್ತಿ ಪಕ್ಕದ ಒಂದು ಹಾಳೆಯನ್ನು ಬಿಚ್ಚಿ ಒಳಗೆ ಟಾರ್ಚ್ ಬಿಟ್ಟ.

“ಮೇಡಂ, ಇದು ಮುಂದೆ ಬಂದಿದೆ.”

“ಯಾವುದು?”

“ಮುಖ. ನಾನು ಫ್ರೇಮ್ ಹಾಕುವಾಗ ಇದಕ್ಕೂ ಪ್ಯಾನೆಲ್ಲಿಗೂ ಮಧ್ಯೆ ನನ್ನ ಕೈ ಹೋಗ್ತಿತ್ತು.”

ನಾನೂ ಹತ್ತಿ ನೋಡಿದೆ. ದೃಷ್ಟಿ ತಾಗದಿರಲೆಂದು ಹಿಂದಿನವರು ಕಿಟಕಿಯ ಪಕ್ಕ ಗಾರೆಯಲ್ಲಿ ಮಾಡಿಸಿದ್ದ ಸಿಂಹದ ಮುಖ ಅದು. ಕಣ್ಣು ಬಿಟ್ಟುಕೊಂಡು, ನಾಲಿಗೆ ಚಾಚಿ, ಪ್ಯಾನೆಲ್ಲಿಗೆ ಮೂತಿ ಒತ್ತಿಕೊಂಡಿತ್ತು. ಬಡಿದು ಬಡಿದು ಮೂಗು ಸವೆದಿತ್ತು. ಪ್ಯಾನೆಲ್ಲಿನ ಹಿಂಬದಿ ಅಷ್ಟಗಲ ತಗ್ಗಾಗಿತ್ತು. ಎಲಿವೇಶನ್‌ಗೆ ಅಡ್ಡಿಯೆಂದು ಹೆಂಚಿನ ಸೂರು ಕತ್ತರಿಸಿದ್ದರಿಂದ ಮಳೆನೀರು ನೇರವಾಗಿ ಮಣ್ಣುಗೋಡೆಗೆ ಇಳಿದಿತ್ತು. ಗೋಡೆ ದಿನದಿನಕ್ಕೂ ಮುಂದಕ್ಕೆ ವಾಲುತ್ತಾ, ಲಾರಿ ಬಂದಾಗಲೆಲ್ಲ ಆ ಮುಖದಿಂದ ಪ್ಯಾನೆಲ್ಲನ್ನು ತಟ್ಟುತ್ತಿತ್ತು. ಈಗ ಪೂರ್ತಿ ಒರಗಿತ್ತು. ತಟ್ಟಲು ಜಾಗವೇ ಉಳಿದಿರಲಿಲ್ಲ.

ಅಂಗಡಿ ಮುಚ್ಚಿಸಿ, ಮುಂದಿನ ರಸ್ತೆಬದಿಗೆ ಹಗ್ಗ ಕಟ್ಟಿಸಿದೆ. ಸಂಜೆ ಮಳೆ ಹಿಡಿಯಿತು. ಗೋಡೆ ಎಲಿವೇಶನ್ ಸಮೇತ ಕುಸಿಯಿತು. ಮಂಚದ ಮೇಲೆ ಛಾವಣಿ ಬಿದ್ದಿತ್ತು.

ಮಾರನೆಯ ದಿನ ಪುಟ್ಟಮ್ಮ ಸೊಸೆಯನ್ನು ಕರೆತರಲು ಸಂತೆಮರಹಳ್ಳಿಗೆ ಹೊರಟರು. ಜೊತೆಗೆ ನೀವೂ ಬನ್ನಿ ಎಂದು ನನ್ನನ್ನೂ ಎಳೆದುಕೊಂಡು ಹೋದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಸುಧಾ ಪೂರ್ತಿ ಕೇಳಿಸಿಕೊಂಡು ಅತ್ತೆಯ ಕಡೆ ತಿರುಗಿದಳು.

“ಸದ್ದು ನಿಂತೋಯ್ತು ಅಂತ ಊರ್ಗೆಲ್ಲ ಯೋಳುದ್ರಂತಲ್ಲ ಅತ್ತೆ. ಕೇಳ್ದೇ ಇದ್ದೋರ್ಗೆ ನಿಂತುದ್ದು ಎಂಗ್ ಗೊತ್ತಾಯ್ತು?”

ಪುಟ್ಟಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಅವರ ಕಣ್ಣು ತುಂಬಿತ್ತು.

“ಮೊದ್ಲಿಂದ್ಲೂ ಕೇಳ್ತಿತ್ತು ಕಣಮ್ಮಿ. ಭಯ ಆಗದು. ಎಲಿವೇಶನ್ ಮಾಡ್ಸಿದ್ದು ನಾನಲ್ವಾ, ಎಂಗ್ ಯೋಳ್ಲಿ?”

ಹೊಸ ಗೋಡೆಗೆ ಸುಧಾ ದೊಡ್ಡ ಕಿಟಕಿ ಇಡಿಸಿಕೊಂಡಿದ್ದಾಳೆ. ನಾನೋ, ಈಗ ಯಾವ ಮನೆಗೆ ಬಿರುಕು ನೋಡಲು ಹೋದರೂ, ಮನೆಯವರು ಯಾರ ಮಾತನ್ನು ನಂಬುತ್ತಿಲ್ಲ ಎಂದು ಮೊದಲು ವಿಚಾರಿಸಿ ಅವರ ಪಕ್ಕದಲ್ಲಿ ಕೂರುತ್ತೇನೆ. ಗಾಜಿನ ಪಟ್ಟಿ ಅಂಟಿಸುವುದು ಆಮೇಲೆ.