ಬೋಗಿ ಮರದ ಬುಡದ ಬಿಳಿ ನೂಲು

ಹೆದ್ದಾರಿಯನ್ನು ಆರು ಪಥಕ್ಕೆ ಅಗಲಗೊಳಿಸುವ ಕೆಲಸ ನಡೆಯುತ್ತಿದ್ದ ಕಾಲದಲ್ಲಿ ನಾನು ಕುಂಬಳೆಯಿಂದ ಒಳಗಿನ ಒಂದು ಪಂಚಾಯತಿನಲ್ಲಿ ಕೃಷಿ ಅಧಿಕಾರಿಯಾಗಿದ್ದೆ. ನಿವೃತ್ತಿ ಹತ್ತಿರವಾಗಿತ್ತು. ಅಷ್ಟು ವರ್ಷಗಳ ಸರ್ವೀಸಿನಲ್ಲಿ ಹೆಚ್ಚಿನ ಪಾಲು ಶಿಲೀಂಧ್ರಗಳನ್ನು ಕೊಲ್ಲುವುದು ಹೇಗೆಂದು ಜನರಿಗೆ ಹೇಳಿಕೊಡುವುದರಲ್ಲೇ ಕಳೆದಿತ್ತು. ಎಲೆಚುಕ್ಕಿ ಇರಲಿ, ಬುಡಕೊಳೆ ಇರಲಿ, ಮಾತು ಬಂದು ನಿಲ್ಲುತ್ತಿದ್ದದ್ದು ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಹತ್ತಿರ. ಸಭೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಬೆಂಚಿನವರು ಅದರ ಪ್ರಮಾಣ ಹೇಳಿ ನಗುತ್ತಿದ್ದರು.

ಶಶಿಕಲಾ ಆಫೀಸಿಗೆ ಬಂದದ್ದು ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಗೇಣುದ್ದದ ಬೋಗಿ ಸಸಿ ಹಿಡಿದುಕೊಂಡು. ಎಲೆಯೆಲ್ಲ ಹಳದಿ. ನೆಟ್ಟು ವರ್ಷ ಕಳೆದರೂ ಒಂದು ಬೆರಳಿನಷ್ಟೂ ಬೆಳೆದಿರಲಿಲ್ಲವಂತೆ. ಈಚೆಗೆ ಅವಳು ನನ್ನನ್ನು ಅಕ್ಕ ಎಂದು ಕರೆಯುವುದರಿಂದ ಇಲ್ಲಿ ಏಕವಚನದಲ್ಲೇ ಬರೆಯುತ್ತೇನೆ. ಆ ದಿನ ಮಾತ್ರ ನಾನು ಬಹುವಚನ ಬಿಟ್ಟು ಮಾತಾಡಿರಲಿಲ್ಲ.

"ಇದಕ್ಕೆ ಎಂತ ಮದ್ದು ಬಿಡಬೇಕು ಮೇಡಂ?"

ತೋಟದ ಗಿಡವಲ್ಲ, ಕಾಡುಮರ. ಇದರ ಮೇಲೆ ಯಾಕೆ ಇಷ್ಟು ಆಸೆ ಎಂದು ಕೇಳಿದೆ. ಮರ ಬೇಡ, ಅದರ ಬುಡದ ಕಲ್ಲಣಬೆ ಬೇಕು ಎಂದಳು. ತುಳುವಿನಲ್ಲಿ ಕಲ್ಲಲಾಂಬು. ಕೊಡೆ ಬಿಚ್ಚುವ ಅಣಬೆಯಲ್ಲ ಇದು, ಗೋಲಿಯಂತೆ ಉರುಟಾಗಿ ಮಣ್ಣಿನೊಳಗೇ ಇರುತ್ತದೆ. ಮೊದಲ ಗುಡುಗು ಮಳೆಗೆ ಬೋಗಿ ಮರದ ಕೆಳಗೆ ತರಗೆಲೆ ಸರಿಸಿ, ಕೋಲಿನಿಂದ ಕೆದಕಿ ತೆಗೆಯಬೇಕು. ಒಳಗೆ ಬಿಳಿ ಇರುವಾಗ ತೆಂಗಿನಕಾಯಿ ಹುರಿದು ಅರೆದು ಗಸಿ ಮಾಡಿದರೆ ಹಲ್ಲಿಗೆ ಸಿಕ್ಕಿ ಟಪ್ಪೆಂದು ಒಡೆಯುತ್ತದೆ. ಕಪ್ಪಾದರೆ ಮುಗಿಯಿತು, ಬರೀ ಹುಡಿ.

ಅವಳ ಗಂಡ ಜಯಂತ ಮಸ್ಕತ್ತಿನಲ್ಲಿ ಕ್ರೇನ್ ಓಡಿಸುವವ. ಮದುವೆಯಾದಾಗಿನಿಂದ ಅವನ ರಜೆ ಮಳೆಗಾಲ ಶುರುವಾಗುವ ಕಾರ್ತೆ ತಿಂಗಳಿಗೇ, ಮೊದಲ ಮಳೆಯ ಲೆಕ್ಕ ಹಾಕಿ. ಕುಂಜತ್ತೂರಿನ ಮನೆ ಹಿಂದೆ ಬೋಗಿ ಮರಗಳಿದ್ದವು. ವಿಮಾನ ಇಳಿದು ಮನೆಗೆ ಬಂದವ ಚೀಲ ಜಗಲಿಯಲ್ಲಿ ಬಿಟ್ಟು ನೇರ ಅಲ್ಲಿಗೇ ಹೋಗುತ್ತಿದ್ದನಂತೆ. ರಸ್ತೆಗೆ ಮನೆ ಹೋಯಿತು, ಮರಗಳೂ ಹೋದವು. ಒಂದೇ ಒಂದು ಉಳಿದಿತ್ತು, ಅದಕ್ಕೂ ಕಡಿಯುವ ಗುರುತು ಬಿದ್ದಿತ್ತು. ಇವರು ಕುಂಬಳೆಯ ಒಳಗೆ ಗುಡ್ಡದ ಮೇಲೆ ಹೊಸ ಮನೆ ಕಟ್ಟಿಕೊಂಡರು. ಆ ವರ್ಷ ಜಯಂತ ಬರಲಿಲ್ಲ.

"ಬಂದು ಎಂತ ಮಾಡುವುದು, ಓವರ್‌ಟೈಮ್ ಆದ್ರೂ ಸಿಗ್ತದೆ ಅಂದ್ರು," ಎಂದಳು ಶಶಿಕಲಾ. "ನೀವು ನನ್ನನ್ನು ನೋಡ್ಲಿಕ್ಕೆ ಬರುವುದಾ, ಅಣಬೆ ತಿನ್ಲಿಕ್ಕೆ ಬರುವುದಾ ಅಂತ ನಾನು ಅವರಿಗೆ ತಮಾಷೆ ಮಾಡ್ತಿದ್ದೆ ಮೇಡಂ. ಈಗ ಆ ತಮಾಷೆ ಬಾಯಿಗೆ ಬರುವುದಿಲ್ಲ."

ಅವಳು ಕೇಳುತ್ತಿದ್ದದ್ದು ಸಸಿಗೆ ಮದ್ದು. ಬೇಕಾಗಿದ್ದದ್ದು ವರ್ಷಕ್ಕೊಮ್ಮೆ ಗಂಡ ಮನೆಯಲ್ಲಿರುವ ಆ ಒಂದು ತಿಂಗಳು. ನಾನು ತೊಟ್ಟೆ ಹರಿದು ಬೇರು ನೋಡಿದೆ. ಬೇರು ಬೋಳಾಗಿತ್ತು.

"ಇದರಲ್ಲಿ ಬಿಳಿ ನೂಲಿನ ಹಾಗೆ ಏನೂ ಇರಲಿಲ್ವಾ?"

"ಇತ್ತು ಮೇಡಂ. ಹಳೇ ಮರದ ಬುಡದಿಂದ ಕಿತ್ತು ತಂದ ಸಸಿ. ಬೇರಿಗೆಲ್ಲ ಬೂಷ್ಟು ಹಿಡಿದಿತ್ತು. ಚೆನ್ನಾಗಿ ತೊಳೆದು, ತೋಟಕ್ಕೆ ಬಿಟ್ಟು ಉಳಿದ ಬೋರ್ಡೋ ಮದ್ದಿನಲ್ಲಿ ಅದ್ದಿಯೇ ನೆಟ್ಟದ್ದು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಗುವನ್ನು ಮೀಯಿಸುವಷ್ಟು ಪ್ರೀತಿಯಿಂದ ತೊಳೆದಿದ್ದಳು. ಅವಳು ತೊಳೆದು ತೆಗೆದದ್ದೇ ಕಲ್ಲಣಬೆ. ನಾವು ಕೆದಕಿ ತಿನ್ನುವ ಗೋಲಿ ಅದರ ಕಾಯಿ ಮಾತ್ರ. ನಿಜವಾದ ಜೀವ ಮಣ್ಣಿನೊಳಗಿನ ಆ ನೂಲು. ಅದು ಮರದ ಬೇರನ್ನು ಸುತ್ತಿಕೊಂಡು, ಬೇರು ಮುಟ್ಟದ ಜಾಗದಿಂದ ನೀರನ್ನೂ ರಂಜಕವನ್ನೂ ತಂದು ಕೊಡುತ್ತದೆ. ಮರ ತನ್ನ ಎಲೆಯಲ್ಲಿ ಮಾಡಿದ ಸಕ್ಕರೆಯಲ್ಲಿ ಒಂದು ಪಾಲನ್ನು ಅದಕ್ಕೆ ಇಳಿಸುತ್ತದೆ. ಈ ಜೊತೆಗಾರಿಕೆಗೆ ನಮ್ಮ ಪುಸ್ತಕದಲ್ಲಿ ಮೈಕೊರೈಝಾ ಎಂದು ಹೆಸರು. ನಮ್ಮ ಮುರಕಲ್ಲಿನ ಬಡ ಮಣ್ಣಿನಲ್ಲಿ ಬೋಗಿಯಂಥ ಮರ ಒಂಟಿಯಾಗಿ ಏಳಲು ಬಹಳ ಕಷ್ಟಪಡುತ್ತದೆ. ಇದನ್ನೆಲ್ಲ ಹೇಳಿದಾಗ ಶಶಿಕಲಾ ಆ ಬೋಳು ಬೇರನ್ನು ಬೆರಳಿನಿಂದ ಸವರಿ ನೋಡಿದಳು.

ಉಳಿದ ಮರ ಉರುಳುವ ಮೊದಲು ಅದರ ಬುಡದ ಮಣ್ಣು ತರಬೇಕಿತ್ತು. ಮರುದಿನವೇ ರಿಕ್ಷಾ ಮಾಡಿಕೊಂಡು ಕುಂಜತ್ತೂರಿಗೆ ಹೋದೆವು. ಜೆಸಿಬಿ ಆಗಲೇ ಬಂದು ನಿಂತಿತ್ತು. ಮರ ಬಿಡಿ ಎಂದು ಬೇಡಲು ಬಂದವರೆಂದು ಸೂಪರ್‌ವೈಸರ್ ಮುಖ ಗಂಟಿಕ್ಕಿದ. ಮಣ್ಣು ಸಾಕು ಎಂದಾಗ ಅವನಿಗೇ ನಗು ಬಂತು, ಊಟದ ಹೊತ್ತಿನವರೆಗೆ ತೆಗೆದುಕೊಳ್ಳಿ ಎಂದ. ಗೊಬ್ಬರದ ಖಾಲಿ ಚೀಲಗಳಿಗೆ ಮಣ್ಣು, ಎಳೆಬೇರು, ಮರದಡಿಯ ಸಣ್ಣ ಸಸಿಗಳು, ಕಳೆದ ಮಳೆಯಲ್ಲಿ ಯಾರೂ ಕೆದಕದೆ ಒಣಗಿ ಹುಡಿಯಾಗಿದ್ದ ಕಲ್ಲಣಬೆ, ಎಲ್ಲ ತುಂಬಿಸಿದೆವು. ಆ ಹುಡಿಯಲ್ಲೇ ಬೀಜಾಣು ಇರುವುದು. ಶಶಿಕಲಾ ಒಮ್ಮೆ ಮರಕ್ಕೆ ಕೈ ಇಟ್ಟು ನಿಂತಳು. ನಾವು ರಿಕ್ಷಾ ಹತ್ತುವಾಗ ಹಿಂದೆ ಯಂತ್ರ ಸ್ಟಾರ್ಟ್ ಆಯಿತು. ಅವಳು ತಿರುಗಿ ನೋಡಲಿಲ್ಲ.

ಹೊಸ ಮನೆಯ ಹಿಂದೆ ಆ ಮಣ್ಣು ಹಾಕಿ ಸಸಿ ನೆಟ್ಟೆವು. ಗೊಬ್ಬರ ಬೇಡ, ಮದ್ದಂತೂ ಬೇಡವೇ ಬೇಡ ಎಂದು ಆಣೆ ಹಾಕಿಸಿದ ಹಾಗೆ ಹೇಳಿದೆ. ಮುಂದಿನ ಬೇಸಗೆಯ ಹೊತ್ತಿಗೆ ಹೊಸ ಚಿಗುರು ಬಂತು. ಎಲೆಯ ಹಸಿರು ನೋಡಿದಾಗ ನೂಲು ಹಿಡಿದಿದೆ ಎಂದು ನನಗೆ ಧೈರ್ಯ ಬಂತು. ಆದರೆ ಸಸಿ ಬದುಕುವುದು ಬೇರೆ, ಅಣಬೆ ಏಳುವುದು ಬೇರೆ. ಅದನ್ನು ಅವಳಿಗೆ ಹೇಳಲು ನಾಲಿಗೆ ಬರಲಿಲ್ಲ.

ಜಯಂತನೇ ಮಸ್ಕತ್ತಿನಿಂದ ಫೋನ್ ಮಾಡಿದ.

"ಮೇಡಂ, ಅಣಬೆ ಯಾವ ವರ್ಷ ಬರಬಹುದು? ಆ ವರ್ಷಕ್ಕೆ ಲೀವ್ ಹಾಕ್ತೇನೆ."

ಸುಳ್ಳು ಹೇಳುವ ಆಸೆಯಾಯಿತು. ಆದರೂ ಇದ್ದದ್ದನ್ನೇ ಹೇಳಿದೆ. "ಹೇಳ್ಲಿಕ್ಕಾಗುವುದಿಲ್ಲ. ತುಂಬ ವರ್ಷ ಹಿಡಿಯಬಹುದು, ಬಾರದೆಯೂ ಇರಬಹುದು. ಪ್ರತಿ ವರ್ಷ ಮೊದಲ ಮಳೆಗೆ ಕೆದಕಿ ನೋಡ್ತಾ ಇರಬೇಕು, ಅಷ್ಟೇ."

"ಹಾಗಾದ್ರೆ ಪ್ರತಿ ವರ್ಷ ಬರಬೇಕಾಗ್ತದಲ್ಲ ಮೇಡಂ."

"ಬರಬೇಕಾಗ್ತದೆ," ಎಂದೆ.

ಈಗ ನಾನು ನಿವೃತ್ತಳು. ಆ ಸಸಿಗಳು ನನ್ನ ತಲೆ ಮೀರಿ ಬೆಳೆದಿವೆ. ಕಾರ್ತೆಯಲ್ಲಿ ಮೊದಲ ಗುಡುಗು ಕೇಳಿದರೆ ನನ್ನ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ಈ ವರ್ಷವೂ ಶಶಿಕಲಾ ಫೋನ್ ಮಾಡಿದ್ದಳು. "ಈ ಸಲವೂ ಇಲ್ಲ ಅಕ್ಕಾ," ಎಂದಳು. ಹಿಂದಿನಿಂದ ಮಳೆಯ ಸದ್ದಿನ ನಡುವೆ ಜಯಂತನ ದನಿ: "ಆ ಬದಿ ನೋಡ್ಲಿಲ್ಲ, ಇರು ಮಾರಾಯ್ತಿ!"

ಶಿಲೀಂಧ್ರವೆಂದರೆ ರೋಗ ಎಂದು ಕಲಿತು ಕಲಿಸಿದವಳಿಗೆ ಕೆಲಸದ ಕೊನೆಗಾಲದಲ್ಲಿ ಇಷ್ಟು ತಿಳಿಯಿತು: ಮಣ್ಣಿನ ಮೇಲೆ ಏನೂ ಕಾಣದ ವರ್ಷಗಳಲ್ಲೂ ಕೆಳಗೆ ಕೊಡುಕೊಳ್ಳುವಿಕೆ ನಿಂತಿರುವುದಿಲ್ಲ. ಜಯಂತ ವಾಪಸು ಹೋದ ಮೇಲೆ ಒಂದು ದಿನ ಶಶಿಕಲಾಳನ್ನು ಕೇಳಿದೆ, ಮಳೆ ಇನ್ನೂ ಉಂಟಲ್ಲ, ನೀನೊಬ್ಬಳೇ ಕೆದಕಿ ನೋಡಬಹುದಲ್ಲ ಎಂದು.

"ಅವರಿಲ್ಲದಾಗ ನಾನು ಆ ಕಡೆ ಕೋಲು ಹಿಡ್ಕೊಂಡು ಹೋಗುವುದೇ ಇಲ್ಲ ಅಕ್ಕಾ," ಎಂದಳು. "ಎಲ್ಲಿಯಾದ್ರೂ ಸಿಕ್ಕಿಬಿಟ್ರೆ?"