ಮೀನುಕೆರೆಯ ದಂಡೆಯಲ್ಲಿ ಕೇಳದೆ ಬಿಟ್ಟ ಪ್ರಶ್ನೆ

ಧಾರವಾಡದ ಕೃಷಿ ಕಾಲೇಜಿನಿಂದ ಕೋಲ್ಕತ್ತಾಗೆ ಅಧ್ಯಯನ ಪ್ರವಾಸ ಹೊರಟಾಗ ನನ್ನ ಸಹಪಾಠಿಗಳಿಗೆ ಅದು ಪರದೇಶ, ನನಗೆ ಮನೆ. ಅಪ್ಪ ಅಲ್ಲಿ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದರು, ಕಾರವಾರದ ಅಮ್ಮ ಸಾಲ್ಟ್ ಲೇಕ್ ಬಡಾವಣೆಯ ಕ್ವಾರ್ಟರ್ಸಿನಲ್ಲಿ ಅಲ್ಲಿನ ಬಜಾರಿನಿಂದ ತಂದ ಮೀನಿನ ಸಾರು ದಿನಾ ಮಾಡುತ್ತಿದ್ದಳು. ಬಂಗಾಳಿ ಬಲ್ಲವಳೆಂದು ಪ್ರೊಫೆಸರು ನನ್ನನ್ನು ದುಭಾಷಿ ಮಾಡಿದರು. ನನಗೆ ಕೋಡು ಮೂಡಿತು.

ಬೆಳಿಗ್ಗೆ ವಿಕ್ಟೋರಿಯಾ ಸ್ಮಾರಕ ನೋಡಿ ಟ್ರಾಮ್ ಹತ್ತಿದೆವು. "ಇದಕ್ಕಿಂತ ನಮ್ಮೂರ ಚಕ್ಕಡಿ ಚಲೋ" ಎಂದು ಗೆಳತಿಯರು ನನ್ನನ್ನು ಕಾಡಿದರು. ಮಧ್ಯಾಹ್ನ ಊರಾಚೆಯ ಮೀನುಕೆರೆಗಳಿಗೆ ಹೋದೆವು. ನಗರದ ಗಟಾರದ ನೀರು ಕಾಲುವೆಯಲ್ಲಿ ಬಂದು, ಬಿಸಿಲಿಗೆ ತಿಳಿಯಾಗಿ, ಅದರಲ್ಲೇ ಮೀನು ಬೆಳೆಯುತ್ತದೆ. ಹಿತ್ತಲ ಗಿಡ ಮದ್ದಲ್ಲ. ಹುಟ್ಟಿ ಬೆಳೆದ ಊರಿನಲ್ಲಿ ಇದನ್ನು ನಾನು ನೋಡಿದ್ದೇ ಅಂದು.

ಕೆರೆ ನೋಡಿಕೊಳ್ಳುವ ಮುದುಕರೊಬ್ಬರಿದ್ದರು. ನಾವು ಮೀಟರ್ ಇಳಿಸಿ ಆಮ್ಲಜನಕ ಅಳೆಯುತ್ತಿದ್ದರೆ, ಅವರು ಬೊಗಸೆ ನೀರೆತ್ತಿ ಮೂಸಿ, ನಾಲಿಗೆಗೆ ತಾಗಿಸಿ, ಇವತ್ತು ಹೊಸ ನೀರು ಬಿಡಬಾರದು ಎಂದರು. ಯಾವ ರುಚಿಗೆ ಏನು ಅರ್ಥ? ನಾನು ಕೇಳುತ್ತಲೇ ಹೋದೆ, ಅವರು ಹೇಳುತ್ತಲೇ ಹೋದರು.

ಆಗ ಪ್ರೊಫೆಸರು, "ಈ ಮೀನು ಇವರು ತಮ್ಮ ಮನ್ಯಾಗ ತಿಂತಾರೇನು, ಕೇಳವಾ" ಎಂದರು.

ಅಷ್ಟು ಪ್ರೀತಿಯಿಂದ ಮಾತಾಡಿದವರಿಗೆ ಇದನ್ನು ಕೇಳುವುದೇ? ಮಳೆಗಾಲದಲ್ಲಿ ಕೆರೆ ತುಂಬುತ್ತದೆಯೇ ಎಂದು ಬಂಗಾಳಿಯಲ್ಲಿ ಕೇಳಿದೆ. ಅವರು ಹೌದೆಂದು ತಲೆಯಾಡಿಸಿದರು. "ದಿನಾ ತಿಂತಾರಂತೆ, ಸರ್" ಎಂದು ಕನ್ನಡದಲ್ಲಿ ಹೇಳಿದೆ. ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನನ್ನ ಕಟ್ಟುಮಾತು ಇಡೀ ತರಗತಿಯ ವರದಿಗೆ ಹೋಗುವುದನ್ನು ನೋಡುತ್ತ ಬೆವತೆ.

ಬಸ್ಸು ಹಾರ್ನ್ ಹಾಕಿತು. ತಡೆಯಲಾಗದೆ ಮುದುಕರ ಬಳಿಗೆ ಹಿಂದಕ್ಕೆ ಓಡಿದೆ. "ಕಾಕಾ, ಈ ಮೀನು ನೀವು ತಿನ್ನುತ್ತೀರಾ?"

ಅವರು ಸಿಟ್ಟಾಗಲಿಲ್ಲ. "ಸಣ್ಣವು ನಮಗೆ, ಮಾ. ದೊಡ್ಡವೆಲ್ಲ ಬೆಳಿಗ್ಗೆಯೇ ಸಾಲ್ಟ್ ಲೇಕ್ ಬಜಾರಿಗೆ. ಈ ಗಟಾರದ ನೀರು ಕಳಿಸುವವರೂ ಅಲ್ಲಿಯವರೇ ಅಲ್ಲವೇ?"

ಬಸ್ಸಿನಲ್ಲಿ ಎಲ್ಲರ ಎದುರು ನಿಂತು, ಆಗ ಹೇಳಿದ್ದು ಸುಳ್ಳು ಎಂದು ಒಪ್ಪಿಕೊಂಡೆ. ಮುದುಕರ ಉತ್ತರವನ್ನು ಇದ್ದ ಹಾಗೆ ಹೇಳಿದೆ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ನನ್ನನ್ನು ತಡೆದದ್ದು ಅವರ ಮೇಲಿನ ಮರ್ಯಾದೆ ಮಾತ್ರವಲ್ಲ, ಉತ್ತರ ತಿಳಿಯುವ ಭಯವೂ ಹೌದು ಎಂದು ಆಗ ಹೊಳೆಯಿತು.

ಪ್ರೊಫೆಸರು ಬೈಯಲಿಲ್ಲ. ಬರೆದ ಸಾಲನ್ನು ಹೊಡೆದು ಹಾಕಿದರು.

"ಹಂಗಾದ್ರ ಈ ಪ್ರಶ್ನೆ ನಿಮ್ಮ ಮನ್ಯಾಗ ಕೇಳಬೇಕಿತ್ತು. ತಿಂತೀರೇನವಾ?"

"ನಾನು ಹುಟ್ಟಿದಾಗಿನಿಂದ, ಸರ್."

ಅವರು ಅದನ್ನೇ ಬರೆದುಕೊಂಡರು.